ಹಲ್ಲಿನ ಅಂಟು, ಬಾವಿಯ ನೀರು

ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವುದನ್ನು ನೀವೆಲ್ಲ ನೋಡಿರುತ್ತೀರಿ. ತೂತು ಸಿಕ್ಕಿತು ಅಂತ ಅಂಗಡಿಯವನು ತಕ್ಷಣ ಸಲ್ಯೂಷನ್ ಹಚ್ಚುವುದಿಲ್ಲ. ಮೊದಲು ಆ ಜಾಗವನ್ನು ಅರದಿಂದಲೋ ಉಪ್ಪುಕಾಗದದಿಂದಲೋ ಉಜ್ಜಿ ಉಜ್ಜಿ ಒರಟು ಮಾಡುತ್ತಾನೆ. ನುಣುಪಾದ ರಬ್ಬರಿನ ಮೇಲೆ ಅಂಟು ಕೂರುವುದಿಲ್ಲ, ಒರಟಾದರೆ ಕಚ್ಚಿಕೊಂಡು ಕೂರುತ್ತದೆ. ಗಾರೆ ಕೆಲಸದವರಿಗೂ ಈ ಗುಟ್ಟು ಗೊತ್ತು. ಹಳೆಯ ಗೋಡೆಗೆ ಹೊಸ ಗಾರೆ ಮೆತ್ತುವ ಮುಂಚೆ ಉಳಿ ಹಿಡಿದು ಗೋಡೆಗೆ ಕಚ್ಚು ಹೊಡೆಯುತ್ತಾರೆ.

ಇಷ್ಟು ಸರಳ ಸಂಗತಿ ಹಲ್ಲಿನ ವೈದ್ಯರ ಕೈಗೆ ಒಂದು ವಿಧಾನವಾಗಿ ಬಂದದ್ದು 1955ರಲ್ಲಿ. ಅಲ್ಲಿಂದಾಚೆ ಜಗತ್ತಿನಲ್ಲಿ ಕೋಟ್ಯಂತರ ಹಲ್ಲುಗಳಿಗೆ ಅಂಟು ಹಿಡಿದಿದೆ. ಆದರೆ ನಮ್ಮ ಸೇಲಂ, ಧರ್ಮಪುರಿ ಕಡೆಯ ಬಹಳಷ್ಟು ಮಕ್ಕಳ ಹಲ್ಲಿಗೆ ಅದೇ ಅಂಟು ನೆಟ್ಟಗೆ ಹಿಡಿಯುವುದಿಲ್ಲ. ಯಾಕೆ ಅಂತ ಕೇಳಿಕೊಂಡು ಹೋದರೆ ದಾರಿ ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಗಿಯುವುದಿಲ್ಲ. ಅದು ಊರ ಹೊರಗಿನ ಬೋರ್‌ವೆಲ್ಲಿಗೆ ಹೋಗುತ್ತದೆ, ಅಲ್ಲಿಂದ ಹೊಗೇನಕಲ್ಲಿಗೆ ಹೋಗುತ್ತದೆ. ಇವತ್ತು ಆ ದಾರಿಯಲ್ಲಿ ಒಂದು ಸುತ್ತು ಹೋಗಿ ಬರೋಣ.

ಒಂದು ಹನಿ, ಸಾವಿರ ಗಂಟೆ

ಅಮೆರಿಕದ ರಾಚೆಸ್ಟರ್ ಎಂಬ ಊರಿನ ಈಸ್ಟ್‌ಮನ್ ದಂತ ಚಿಕಿತ್ಸಾಲಯದಲ್ಲಿ ಮೈಕೆಲ್ ಬ್ಯೂನಕೋರ್ ಎಂಬ ಸಂಶೋಧಕರಿದ್ದರು. ಆಗ ಹುಳುಕು ಹಲ್ಲಿಗೆ ತುಂಬುತ್ತಿದ್ದದ್ದು ಹೆಚ್ಚಾಗಿ ಬೆಳ್ಳಿ ಮತ್ತು ಪಾದರಸದ ಮಿಶ್ರಣ. ಅದು ಹಲ್ಲಿಗೆ ಅಂಟುವ ವಸ್ತುವೇ ಅಲ್ಲ. ಬೀಳದೆ ನಿಲ್ಲಬೇಕಾದರೆ ಒಳಗೆ ಅಗಲವಾಗಿ, ಬಾಯಿ ಕಿರಿದಾಗಿ ಹಲ್ಲನ್ನು ಕೊರೆಯಬೇಕು. ಕಾಳಿನಷ್ಟು ಹುಳುಕಿಗೆ ಒಳ್ಳೆಯ ಹಲ್ಲೂ ಪುಡಿಯಾಗಿ ಹೋಗುತ್ತಿತ್ತು. ಹಲ್ಲಿನ ಬಣ್ಣದ ಅಕ್ರಿಲಿಕ್ ಬಂದಿತ್ತು ನಿಜ, ಆದರೆ ಅದೂ ಹಲ್ಲಿಗೆ ಸರಿಯಾಗಿ ಅಂಟುತ್ತಿರಲಿಲ್ಲ.

ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಸಿಡ್ ಹಚ್ಚುವ ರೂಢಿಯಿತ್ತು. ಹಲ್ಲಿಗೂ ಯಾಕೆ ಹಚ್ಚಬಾರದು ಎಂದು ಯೋಚಿಸಿದರು ಬ್ಯೂನಕೋರ್. ಶೇ. 85ರ ಫಾಸ್ಫಾರಿಕ್ ಆಸಿಡ್ಡನ್ನು ಮುಂಭಾಗದ ಹಲ್ಲಿಗೆ 30 ಸೆಕೆಂಡು ಹಚ್ಚಿ, ತೊಳೆದು, ಒಣಗಿಸಿ, ಮೇಲೆ ಒಂದು ಹನಿ ಅಕ್ರಿಲಿಕ್ ಇಟ್ಟರು. ಆಸಿಡ್ ಹಚ್ಚದ ಹಲ್ಲಿನ ಮೇಲೆ ಆ ಹನಿ ಒಂದು ದಿನವೂ ನಿಲ್ಲಲಿಲ್ಲ. ಹಚ್ಚಿದ ಹಲ್ಲಿನ ಮೇಲೆ ಸರಾಸರಿ ಸಾವಿರ ಗಂಟೆಗೂ ಹೆಚ್ಚು, ಅಂದರೆ 40 ದಿನಕ್ಕೂ ಮೇಲೆ ನಿಂತಿತು. 1955ರಲ್ಲಿ ಅವರು ಪ್ರಕಟಿಸಿದ ಆ ಚಿಕ್ಕ ಲೇಖನದಿಂದ ಇವತ್ತಿನ ಅಂಟಿಸುವ ದಂತವೈದ್ಯವೆಲ್ಲ ಶುರುವಾಯಿತು ಎನ್ನಬಹುದು.

ಒಳಗೆ ನಡೆಯುವುದು ಏನು? ಹಲ್ಲಿನ ಹೊರಕವಚಕ್ಕೆ ಎನಾಮೆಲ್ ಅನ್ನುತ್ತಾರೆ. ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿ ಪದಾರ್ಥ ಬೇರೆ ಇಲ್ಲ. ತೂಕದಲ್ಲಿ ಸುಮಾರು ಶೇ. 96 ಭಾಗ ಖನಿಜ. ಆ ಖನಿಜದ ಹೆಸರು ಹೈಡ್ರಾಕ್ಸಿ ಅಪಟೈಟ್, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದದ್ದು. ಅದು ಸಣ್ಣ ಸಣ್ಣ ಕಡ್ಡಿಗಳ ಕಟ್ಟಿನಂತೆ ಒತ್ತಾಗಿ ಜೋಡಿಸಿಕೊಂಡಿರುತ್ತದೆ. ಆಸಿಡ್ ಹಚ್ಚಿದಾಗ ಕಡ್ಡಿಗಳು ಎಲ್ಲೆಡೆ ಸಮನಾಗಿ ಕರಗುವುದಿಲ್ಲ. ಕೆಲವು ಕಡೆ ನಡು ಕರಗುತ್ತದೆ, ಕೆಲವು ಕಡೆ ಅಂಚು ಕರಗುತ್ತದೆ. ನುಣುಪಾಗಿದ್ದ ಮೈ ಜೇನುಹಟ್ಟಿಯ ಹಾಗೆ ತೂತು ತೂತಾಗುತ್ತದೆ. ತೆಳ್ಳಗಿನ ರಾಳ ಆ ತೂತುಗಳಿಗೆ ಇಳಿದು ಗಟ್ಟಿಯಾದರೆ ಮುಗಿಯಿತು, ಬೇರು ಬಿಟ್ಟ ಗಿಡದ ಹಾಗೆ ಹಿಡಿದುಕೊಳ್ಳುತ್ತದೆ. 1960ರ ದಶಕದ ಕೊನೆಯಲ್ಲಿ ಗ್ವಿನೆಟ್ ಮತ್ತು ಬ್ಯೂನಕೋರ್ ಮೊದಲಾದವರು ಈ ಬೇರುಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಉದ್ದ ಎಷ್ಟು ಅಂತೀರಾ? ಹತ್ತಿಪ್ಪತ್ತು ಮೈಕ್ರಾನ್, ಅಂದರೆ ಒಂದು ತಲೆಕೂದಲಿನ ದಪ್ಪಕ್ಕಿಂತಲೂ ಕಡಿಮೆ!

ಆಮೇಲೆ ಅಂಟೂ ಸುಧಾರಿಸಿತು. 1962ರಲ್ಲಿ ರೇ ಬೋವೆನ್ ಗಟ್ಟಿಯಾದ ಹೊಸ ರಾಳಕ್ಕೆ ಪೇಟೆಂಟ್ ಪಡೆದರು. 1965ರಲ್ಲಿ ಜಾರ್ಜ್ ನ್ಯೂಮನ್ ಉಬ್ಬು ಹಲ್ಲಿನ ಕ್ಲಿಪ್ಪುಗಳನ್ನು ನೇರವಾಗಿ ಹಲ್ಲಿಗೇ ಅಂಟಿಸುವ ದಾರಿ ತೋರಿಸಿದರು. ಅದಕ್ಕೆ ಮೊದಲು ಪ್ರತಿ ಹಲ್ಲಿಗೂ ಲೋಹದ ಬಳೆ ತೊಡಿಸಬೇಕಿತ್ತು. ಆಸಿಡ್ಡಿನ ಖಾರವೂ ಕಡಿಮೆಯಾಯಿತು. ಈಗ ಸಾಮಾನ್ಯವಾಗಿ ಹಚ್ಚುವುದು ಶೇ. 37ರ ಆಸುಪಾಸಿನದು, 15ರಿಂದ 30 ಸೆಕೆಂಡು. ಆರೋಗ್ಯವಂತ ಎನಾಮೆಲ್ಲಿಗೆ ಹೀಗೆ ಹಿಡಿದ ಅಂಟಿನ ಬಲ ಸುಮಾರು 20 ಮೆಗಾಪಾಸ್ಕಲ್. ಪಾಠದ ಭಾಷೆ ಬಿಟ್ಟು ಹೇಳುವುದಾದರೆ ಒಂದು ಚದರ ಸೆಂಟಿಮೀಟರ್ ಜಾಗ ಸುಮಾರು 200 ಕಿಲೋ ಎಳೆತ ತಡೆಯುತ್ತದೆ, ಎರಡು ಮೂಟೆ ಅಕ್ಕಿಗೂ ಹೆಚ್ಚು.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಎನಾಮೆಲ್ ಆಸಿಡ್ಡಿಗೆ ಕರಗುತ್ತದೆ ಎಂಬುದು. ಕರಗದ ಎನಾಮೆಲ್ ಎದುರಾದರೆ ಏನು ಗತಿ?

ಕೊಲರಾಡೋದ ಕಂದು ಹಲ್ಲು

ಅಂಥ ಎನಾಮೆಲ್ಲಿನ ಕತೆ ಬ್ಯೂನಕೋರ್‌ಗಿಂತ ಅರ್ಧ ಶತಮಾನ ಹಿಂದಿನದು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯರು ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿನಲ್ಲಿ ಕ್ಲಿನಿಕ್ ತೆರೆದರು. ಅಲ್ಲೇ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ವಿಚಿತ್ರ ಕಂದು ಕಲೆ. ಪುಸ್ತಕಗಳಲ್ಲಿ ಅದರ ಬಗ್ಗೆ ಏನೂ ಇಲ್ಲ. ಆ ಕಾಲದ ದೊಡ್ಡ ದಂತವಿಜ್ಞಾನಿ ಜಿ.ವಿ. ಬ್ಲ್ಯಾಕ್ 1909ರಲ್ಲಿ ಅವರ ಜೊತೆ ಸೇರಿದರು. ಇಬ್ಬರೂ ಸೇರಿ ಎರಡು ಸಂಗತಿ ಕಂಡುಕೊಂಡರು. ಒಂದು, ಹಲ್ಲು ಹುಟ್ಟಿ ಬಲಿತ ಮೇಲೆ ಆ ಊರಿಗೆ ಬಂದವರಿಗೆ ಕಲೆ ಬರುವುದಿಲ್ಲ, ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳಿಗೆ ಮಾತ್ರ ಬರುತ್ತದೆ. ಇನ್ನೊಂದು ಆಶ್ಚರ್ಯದ ಸಂಗತಿ, ಕಲೆಯ ಹಲ್ಲು ಅಷ್ಟು ಸುಲಭಕ್ಕೆ ಹುಳುಕಾಗುವುದಿಲ್ಲ.

1923ರಲ್ಲಿ ಐಡಾಹೋ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿನ ತಾಯಿತಂದೆಯರನ್ನು ಮೆಕೇ ಭೇಟಿಯಾದರು. ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಹಾಕಿಸಿದ ಮೇಲೆ ಮಕ್ಕಳ ಹಲ್ಲಿಗೆ ಕಲೆ ಬಂತು ಅಂತ ಅವರು ಹೇಳಿದರು. ನೀರು ಪರೀಕ್ಷಿಸಿದರೆ ಆಗಿನ ವಿಧಾನಗಳಲ್ಲಿ ಏನೂ ಸಿಗಲಿಲ್ಲ. ಆದರೂ ಮೆಕೇ, ಆ ಪೈಪು ಬಿಟ್ಟು ಬೇರೆ ಬುಗ್ಗೆಯ ನೀರು ಕುಡಿಯಿರಿ ಅಂದರು. ಊರವರು ಹಾಗೇ ಮಾಡಿದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹೊಸ ಹಲ್ಲು ಬಂತು! ಕಾರಣದ ಹೆಸರು ಗೊತ್ತಾದದ್ದು ಮಾತ್ರ 1931ರಲ್ಲಿ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ವಿಜ್ಞಾನಿ ಎಚ್.ವಿ. ಚರ್ಚಿಲ್ ನೀರಿನಲ್ಲಿ ಫ್ಲೋರೈಡ್ ಪತ್ತೆಹಚ್ಚಿದರು.

ಈ ಸುದ್ದಿ ನಮ್ಮ ಕಡೆಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 1937ರಲ್ಲಿ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ಎಂಬ ಮೂವರು, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಫ್ಲೋರೈಡ್ ನೀರಿನಿಂದ ಮೂಳೆಗಳೇ ಸೆಟೆದುಕೊಂಡ ರೋಗಿಗಳ ಬಗ್ಗೆ ಬರೆದರು. ಭಾರತದಲ್ಲಿ ಫ್ಲೋರೋಸಿಸ್ ಚರಿತ್ರೆ ಶುರುವಾಗುವುದು ಅಲ್ಲಿಂದ. ಆ ಮದರಾಸು ಪ್ರಾಂತ್ಯದೊಳಗೇ ನಮ್ಮ ಸೇಲಂ ಜಿಲ್ಲೆಯೂ ಇತ್ತು.

ನಮ್ಮ ಕಲ್ಲು, ನಮ್ಮ ನೀರು

ಈಗಿನ ಓದುಗರಿಗೆ ಒಂದು ಮಾತು. ಸೇಲಂ ಜಿಲ್ಲೆ ಹಿಂದೆ ಬಹಳ ದೊಡ್ಡದು. 1965ರ ಅಕ್ಟೋಬರ್ 2ರಂದು ಅದರಿಂದ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆಯ ಗೆರೆಗಳು ಬದಲಾದವು, ಕೆಳಗಿನ ಕಲ್ಲು ಬದಲಾಗಲಿಲ್ಲ. ನೊಳಂಬರು ಧರ್ಮಪುರಿಯಲ್ಲಿ ಕನ್ನಡ ಶಾಸನ ಕೆತ್ತಿಸಿದ್ದೂ ಈ ಸೀಮೆಯ ಕಲ್ಲಿನ ಮೇಲೆಯೇ. ಸೇಲಂ ಪೇಟೆಯ ಮಗ್ಗದ ದೇವಾಂಗರಾಗಲಿ, ಡೆಂಕಣಿಕೋಟೆ ಕಡೆಯ ಒಕ್ಕಲಿಗರು, ಲಿಂಗಾಯತರಾಗಲಿ, ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವ ಮೇಟ್ಟೂರು ಕಡೆಯ ಹಳ್ಳಿಯವರಾಗಲಿ, ಮನೆಮಾತು ಕನ್ನಡವಿರಲಿ ತಮಿಳಿರಲಿ ತೆಲುಗಿರಲಿ, ನೀರು ಮಾತ್ರ ಒಂದೇ.

ಇಲ್ಲಿನ ನೆಲದಡಿ ಇರುವುದು ಬಹಳ ಹಳೆಯ ನೈಸ್, ಚಾರ್ನೊಕೈಟ್ ಜಾತಿಯ ಗಟ್ಟಿ ಕಲ್ಲು. ಅದರಲ್ಲಿ ಅಭ್ರಕದ ಜಾತಿಯ ಬಯೋಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್ ಎಂಬ ಖನಿಜಗಳಿವೆ. ಅಪಟೈಟ್ ಅಂದ ಕೂಡಲೇ ನಿಮಗೆ ಹಲ್ಲು ನೆನಪಾಗಿರಬೇಕು. ಹೌದು, ಹಲ್ಲಿನ ಖನಿಜದ ಮನೆತನದ್ದೇ ಕಲ್ಲು ಇದು! ಈ ಖನಿಜಗಳಲ್ಲಿ ಫ್ಲೋರೈಡ್ ಸೇರಿಕೊಂಡಿರುತ್ತದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಬಿರುಕುಗಳಲ್ಲಿ ನಿಂತ ನೀರು ವರ್ಷಗಟ್ಟಲೆ ಕಲ್ಲನ್ನು ನೆಕ್ಕುತ್ತಾ ಇರುತ್ತದೆ. ಸೋಡಾ ಗುಣ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದ ನೀರಿನಲ್ಲಂತೂ ಫ್ಲೋರೈಡ್ ಇನ್ನೂ ಸುಲಭವಾಗಿ ಕರಗಿ ಉಳಿಯುತ್ತದೆ.

ಹಿಂದೆ ಜನ ಕುಡಿಯುತ್ತಿದ್ದದ್ದು ಕೆರೆ, ಕಟ್ಟೆ, ಮೇಲುಮಟ್ಟದ ತೋಡುಬಾವಿಯ ನೀರು. ಅದರಲ್ಲಿ ಮಳೆನೀರಿನ ಪಾಲು ಹೆಚ್ಚು. ಕೊಳವೆಬಾವಿ ಬಂದ ಮೇಲೆ ಕಾಲರಾದಂಥ ರೋಗಗಳ ಭಯ ಕಡಿಮೆಯಾಯಿತು, ಹೆಂಗಸರು ಕೊಡ ಹೊತ್ತು ನಡೆಯುವ ದೂರವೂ ಕಡಿಮೆಯಾಯಿತು. ಅದನ್ನು ಅಲ್ಲಗಳೆಯಬಾರದು. ಆದರೆ ಬೋರು ಆಳಕ್ಕೆ ಹೋದಂತೆ ಕಲ್ಲಿನೊಳಗೆ ಹೆಚ್ಚು ಕಾಲ ನಿಂತ ನೀರು ಮೇಲೆ ಬಂತು. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಪೆನ್ನಾಗರ, ಪಾಲಕ್ಕೋಡು ಕಡೆಯಿಂದ ಓಮಲೂರು, ಮೇಚೇರಿ ತನಕ ಈ ಗೆರೆ ದಾಟಿದ ಬಾವಿಗಳು ಉಂಟು.

ಅಂಟು ಯಾಕೆ ಬಿಡುತ್ತದೆ?

ಮಗು ಹುಟ್ಟಿದ ಮೇಲಿನ ಏಳೆಂಟು ವರ್ಷ ದವಡೆಯೊಳಗೆ ಶಾಶ್ವತ ಹಲ್ಲಿನ ಎನಾಮೆಲ್ ಕಟ್ಟುವ ಕೆಲಸ ನಡೆಯುತ್ತಿರುತ್ತದೆ. ನಗುವಾಗ ಕಾಣುವ ಮೇಲಿನ ಮುಂಭಾಗದ ಹಲ್ಲುಗಳ ಮಟ್ಟಿಗೆ ಮೊದಲ ಎರಡು ಮೂರು ವರ್ಷ ಬಹಳ ಮುಖ್ಯ. ಆ ಸಮಯದಲ್ಲಿ ಫ್ಲೋರೈಡ್ ಅತಿಯಾದರೆ ಎನಾಮೆಲ್ ಪೂರ್ತಿ ಬಲಿಯುವುದಿಲ್ಲ. ಒಳಪದರದಲ್ಲಿ ಸಣ್ಣ ಸಣ್ಣ ಪೊಳ್ಳು ಉಳಿದುಬಿಡುತ್ತವೆ. ತೀರ ಹೊರಗಿನ ತೆಳುಪದರ ಮಾತ್ರ ಫ್ಲೋರೈಡ್ ಹೀರಿ ಹೆಚ್ಚು ಗಟ್ಟಿಯಾಗುತ್ತದೆ, ಆಸಿಡ್ಡಿಗೆ ಜಗ್ಗುವುದಿಲ್ಲ. ಮೊದಲು ಸುಣ್ಣದ ಗೆರೆಯಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು, ತೀವ್ರವಾದರೆ ಗುಳಿ. ಎಚ್. ಟ್ರೆಂಡ್ಲಿ ಡೀನ್ ಇದಕ್ಕೆ ದರ್ಜೆಗಳನ್ನು ಗೊತ್ತುಮಾಡಿದ್ದು 1934ರಲ್ಲಿ.

ಈಗ ಬ್ಯೂನಕೋರ್ ವಿಧಾನವನ್ನು ಈ ಹಲ್ಲಿಗೆ ಹಚ್ಚಿ ನೋಡಿ. ಮಾಮೂಲಿ 15-30 ಸೆಕೆಂಡಿಗೆ ಹೊರಪದರ ಸರಿಯಾಗಿ ಕರಗುವುದಿಲ್ಲ. ಜೇನುಹಟ್ಟಿಯ ವಿನ್ಯಾಸ ಅರ್ಧಂಬರ್ಧ ಮೂಡುತ್ತದೆ. ರಾಳಕ್ಕೆ ಬೇರು ಬಿಡಲು ಜಾಗವಿಲ್ಲ. ಹೆಚ್ಚು ಹೊತ್ತು ಆಸಿಡ್ ಬಿಟ್ಟರೆ ಹೊರಪದರ ಹೋಗಿ ಒಳಗಿನ ಪೊಳ್ಳು ಪದರ ಸಿಗುತ್ತದೆ. ಅದಕ್ಕೆ ಅಂಟು ಹಿಡಿಯಬಹುದು, ಆದರೆ ಪದರವೇ ಪುಡಿಯಾಗುವಂಥದ್ದು. ಒಂದು ಕಡೆ ಕಚ್ಚು ಬೀಳದ ಗೋಡೆ, ಇನ್ನೊಂದು ಕಡೆ ಮುಟ್ಟಿದರೆ ಉದುರುವ ಗೋಡೆ. ಗಾರೆಯವನು ಏನು ಮಾಡಿಯಾನು?

ನಮ್ಮ ಹಾಗೆಯೇ ಫ್ಲೋರೈಡ್ ನೀರು ಕುಡಿಯುವ ಕೀನ್ಯಾದಲ್ಲಿ 1980ರ ದಶಕದಿಂದ, ಆಮೇಲೆ ಸೌದಿ ಅರೇಬಿಯಾ ಮೊದಲಾದ ಕಡೆ, ಇಂಥ ಹಲ್ಲುಗಳ ಮೇಲೆ ಅಂಟಿನ ಬಲ ಅಳೆದಿದ್ದಾರೆ. ಕಿತ್ತ ಹಲ್ಲುಗಳಿಗೆ ರಾಳ ಅಂಟಿಸುತ್ತಾರೆ. ಬಾಳಿಕೆ ನೋಡಬೇಕಾದರೆ ನೀರಿನಲ್ಲಿ ನೆನೆಹಾಕುತ್ತಾರೆ, 5 ಡಿಗ್ರಿ ಮತ್ತು 55 ಡಿಗ್ರಿ ನೀರಿನಲ್ಲಿ ಸಾವಿರಾರು ಸಲ ಅದ್ದಿ ತೆಗೆಯುತ್ತಾರೆ. ಐಸ್‌ಕ್ರೀಂ ತಿಂದು ಬಿಸಿ ಕಾಫಿ ಕುಡಿದ ಹಾಗೆ ಅನ್ನಿ. ಕೊನೆಗೆ ಯಂತ್ರದಿಂದ ಎಳೆದು ನೋಡುತ್ತಾರೆ. ಎಲ್ಲ ಪ್ರಯೋಗಗಳೂ ಒಂದೇ ಮಾತು ಹೇಳುವುದಿಲ್ಲ. ಕಲೆ ಸೌಮ್ಯವಾಗಿದ್ದರೆ ಹೆಚ್ಚು ವ್ಯತ್ಯಾಸ ಕಾಣದೆ ಇರಬಹುದು. ತೀವ್ರವಾದಂತೆ ಹಿಡಿತ ಸಡಿಲವಾಗುವ ಸಂಭವ ಹೆಚ್ಚು. ಬೇರೆಯಾಗಿ ಆಸಿಡ್ ಹಚ್ಚುವ ಕೆಲಸವೇ ಬೇಡ ಎನ್ನುವ ಹೊಸ ಸೌಮ್ಯ ಅಂಟುಗಳಿವೆಯಲ್ಲ, ಅವು ಹೊರಪದರ ಕೆರೆಯದ ಕಲೆಯ ಹಲ್ಲಿನ ಮೇಲೆ ಇನ್ನೂ ಸೋಲುತ್ತವೆ.

ನನ್ನ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಮುಂದಿನ ಎರಡು ಹಲ್ಲಿನ ಕಂದು ಕಲೆ ಮುಚ್ಚಿಸಲೆಂದು ಮನೆಯವರು ಕೂಲಿಯ ದುಡ್ಡು ಕೂಡಿಸಿ ಬಿಳಿ ಲೇಪ ಹಾಕಿಸಿದ್ದರು. ಎರಡು ತಿಂಗಳಲ್ಲಿ ಒಂದು ಬಿತ್ತು. ಕಬ್ಬು ಕಡಿದಿರುತ್ತೀಯ, ಸರಿಯಾಗಿ ಉಜ್ಜಿರುವುದಿಲ್ಲ ಅಂತ ಅವಳಿಗೇ ಬೈಗುಳ ಸಿಕ್ಕಿತು. ಆ ಹುಡುಗಿ ಪಾಠ ಓದುವಾಗ ಬಾಯಿಗೆ ಪುಸ್ತಕ ಅಡ್ಡ ಹಿಡಿಯುತ್ತಿದ್ದಳು. ತಾನು ಕೊಳಕಿ ಅಂತ ಅವಳೇ ನಂಬಿದ್ದಳು. ಅವಳು ಎರಡು ವರ್ಷದ ಕೂಸಾಗಿದ್ದಾಗ ಕುಡಿದ ನೀರಿನ ಗುರುತು ಅದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಕೊಲರಾಡೋದಲ್ಲೇ ಡಾಕ್ಟರ್ ಕೇನ್ ಎಂಬುವರು ಒಂದು ಶತಮಾನದ ಹಿಂದೆ ಹೈಡ್ರೋಕ್ಲೋರಿಕ್ ಆಸಿಡ್ ಹಚ್ಚಿ ಕಲೆ ತೆಗೆಯುತ್ತಿದ್ದರು. ಆ ಉಪಾಯವನ್ನು 1980ರ ದಶಕದಲ್ಲಿ ಮತ್ತೆ ಹೊರತೆಗೆದು, ಆಸಿಡ್ಡಿಗೆ ನುಣ್ಣನೆಯ ಪ್ಯೂಮಿಸ್ ಪುಡಿ ಸೇರಿಸಿ ಉಜ್ಜುವ ವಿಧಾನ ಮಾಡಿದರು. ಕಲೆ ಮೇಲ್ಮೇಲೆ ಇದ್ದರೆ ಅದರಿಂದಲೇ ಹೋಗುತ್ತದೆ, ಅಂಟೇ ಬೇಡ. ಅಂಟಿಸಲೇಬೇಕಾದರೆ ಜಗ್ಗದ ಹೊರಪದರವನ್ನು ಸ್ವಲ್ಪ ಕೆರೆದು, ಆಮೇಲೆ ಆಸಿಡ್ ಹಚ್ಚುತ್ತಾರೆ. ಆಸಿಡ್ಡಿನ ಹೊತ್ತನ್ನು ಕಲೆಯ ತೀವ್ರತೆ ನೋಡಿ ಹೆಚ್ಚಿಸುತ್ತಾರೆ. ಜಪಾನಿನಲ್ಲಿ 1980ರ ದಶಕದ ಆರಂಭದಲ್ಲಿ ಬಂದ ಎಂಡಿಪಿ ಎಂಬ ಅಣು ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿಯೇ ಕೈಜೋಡಿಸುತ್ತದೆ. 2009ರಲ್ಲಿ ಜರ್ಮನಿಯಿಂದ ಬಂದ ಇನ್ನೊಂದು ವಿಧಾನದಲ್ಲಿ ಹೊರಪದರವನ್ನು ಆಸಿಡ್ಡಿನಿಂದ ತೆಗೆದು, ಒಳಗಿನ ಪೊಳ್ಳುಗಳಿಗೇ ತೆಳು ರಾಳ ಕುಡಿಸುತ್ತಾರೆ. ಪೊಳ್ಳು ತುಂಬಿದರೆ ಬಿಳಿ ಮಚ್ಚೆ ಕಣ್ಣಿಗೆ ಕಾಣದಂತೆ ಮಸುಕಾಗುತ್ತದೆ. ಇವೆಲ್ಲಕ್ಕೂ ಹಲ್ಲು ಒಣಗಿರಬೇಕು, ಎಂಜಲು ತಾಗಬಾರದು, ವೈದ್ಯರಿಗೆ ಸಮಯ ಇರಬೇಕು. ಸಮಯ ಅಂದರೆ ದುಡ್ಡು. ನಮ್ಮ ಹಳ್ಳಿಗಳಲ್ಲಿ ಕೊರತೆ ಇರುವುದು ಅದಕ್ಕೇ.

ಹೊಗೇನಕಲ್ ನೀರು

ಓಕ್ಲಿಯ ಜನ ಪೈಪು ಬದಲಿಸಿದ ಹಾಗೆ ನಮ್ಮ ಕಡೆಯೂ ನೀರಿನ ಮೂಲವನ್ನೇ ಬದಲಿಸುವ ಯೋಜನೆ ಬಂತು. ಹೆಸರಿನಲ್ಲೇ ಕಾರಣ ಇದೆ: ಹೊಗೇನಕಲ್ ಕುಡಿಯುವ ನೀರು ಪೂರೈಕೆ ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ. ಕಾವೇರಿ ಹರಿದು ಬಂದ ನೀರು, ಮಳೆಯ ನೀರು. ಕಲ್ಲಿನೊಳಗೆ ಕೊಳೆತದ್ದಲ್ಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಪಟ್ಟಣ, ಹಳ್ಳಿಗಳಿಗೆ ಅದನ್ನು ಕೊಡುವುದು ಉದ್ದೇಶ. 1998ರಲ್ಲಿ ಕೇಂದ್ರದ ಎದುರು ಒಪ್ಪಂದವಾಗಿತ್ತು. 2008ರ ಫೆಬ್ರವರಿಯಲ್ಲಿ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಶಂಕುಸ್ಥಾಪನೆ ಮಾಡಿದರು. ಜಪಾನಿನ ಜೈಕಾ ಸಂಸ್ಥೆ ಸಾಲ ಕೊಟ್ಟಿತು.

ಆಮೇಲೆ ಆದ ಗಲಾಟೆ ನಿಮಗೂ ನೆನಪಿರಬಹುದು. ಗಡಿ ಯಾರದು, ನೀರು ಯಾರದು ಅಂತ ಕರ್ನಾಟಕದಲ್ಲಿ ಪ್ರತಿಭಟನೆ, ಬೆಂಗಳೂರಿನಲ್ಲಿ ತಮಿಳು ಸಿನಿಮಾಗಳಿಗೆ ತಡೆ, ಆ ಕಡೆ ಚೆನ್ನೈಯಲ್ಲಿ ನಟರ ಉಪವಾಸ. 2008ರ ಏಪ್ರಿಲ್‌ನಲ್ಲಿ ಕರ್ನಾಟಕದ ಚುನಾವಣೆ ಮುಗಿಯುವ ತನಕ ಯೋಜನೆ ತಡೆಹಿಡಿದರು, ಮತ್ತೆ ಮುಂದುವರಿಸಿದರು. 2013ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಜಯಲಲಿತಾ ಉದ್ಘಾಟಿಸಿದರು. ಆಗಿನ ಖರ್ಚು ಸುಮಾರು 1,928 ಕೋಟಿ ರೂಪಾಯಿ. ನದಿ ಹಂಚಿಕೆಯ ನ್ಯಾಯ ಅನ್ಯಾಯ ದೊಡ್ಡವರು ಮಾತಾಡಲಿ, ನಾನು ಆ ವಾದಕ್ಕೆ ಇಳಿಯುವುದಿಲ್ಲ. ಆದರೆ ಎರಡೂ ಕಡೆಯ ಭಾಷಣಗಳಲ್ಲಿ ಹಲ್ಲಿನ ಮಾತು ಬಂದದ್ದು ನಾನಂತೂ ಕೇಳಲಿಲ್ಲ. ಆ ನೀರು ಕುಡಿಯಬೇಕಾದ ಬಾಯಿಗಳಲ್ಲಿ ಕನ್ನಡ ಆಡುವ ಬಾಯಿಗಳೂ ಇದ್ದವು. ಇತ್ತ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಇದೇ ಕಲೆ ಹೊತ್ತ ಮಕ್ಕಳು ಕರ್ನಾಟಕದಲ್ಲೂ ಇದ್ದಾರೆ. ಫ್ಲೋರೈಡಿಗೆ ಗಡಿ ಕಲ್ಲು ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಿ. ಮೇಲಿನ ಮುಂದಿನ ಹಲ್ಲು ಸುಮಾರು ಏಳನೇ ವರ್ಷಕ್ಕೆ ಮೂಡುತ್ತದೆ. 2013ರಲ್ಲಿ ಹುಟ್ಟಿ, ಹುಟ್ಟಿದಾಗಿನಿಂದ ನದಿಯ ನೀರನ್ನೇ ಕುಡಿದ ಮಗುವಿನ ಮುಂದಿನ ಹಲ್ಲು ಕಂಡದ್ದು 2020ರ ಹೊತ್ತಿಗೆ. ಅಂದರೆ ನೀರಿಗೆ ಸುರಿದ ದುಡ್ಡಿನ ಫಲ ನಗುವಿನಲ್ಲಿ ಕಾಣಲು ಏಳು ವರ್ಷ ಬೇಕು. ಅದೂ ಅಡುಗೆಗೆ, ಕುಡಿಯಲು ಆ ನೀರೇ ಬಂದರೆ ಮಾತ್ರ. ನಲ್ಲಿ ಬಾರದ ದಿನ ಬೋರ್ ನೀರು, ಟ್ಯಾಂಕಿನಲ್ಲಿ ಎರಡೂ ಬೆರಕೆ ಅಂತಾದರೆ ಲಾಭ ಅರ್ಧಕ್ಕೆ ಇಳಿಯುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ಮರೆಯಬೇಡಿ. ನೀರು ಆವಿಯಾಗಿ ಅದು ಇನ್ನೂ ಗಾಢವಾಗುತ್ತದೆ.

ಎಪ್ಪತ್ತು ವರ್ಷಗಳಿಂದ ದೊಡ್ಡ ದೊಡ್ಡ ಪ್ರಯೋಗಶಾಲೆಗಳು ಹಲ್ಲಿನ ಅಂಟಿನ ಬಾಳಿಕೆ ಹೆಚ್ಚಿಸಲು ದುಡಿದಿವೆ, ಅದು ಸಣ್ಣ ಕೆಲಸವಲ್ಲ. ಈಗಾಗಲೇ ಕಲೆ ಬಿದ್ದ ಮಕ್ಕಳಿಗೆ ಅದೇ ಆಸರೆ. ಆದರೆ ಅಂಟು ಎಷ್ಟು ದಿನ ನಿಲ್ಲುತ್ತದೆ ಎಂಬುದರ ಒಂದು ಪಾಲು, ಅಂಟು ಹಚ್ಚುವ ಹದಿನೈದು ವರ್ಷ ಮೊದಲೇ, ತೊಟ್ಟಿಲ ಮಗುವಿನ ಹಾಲಿನ ಲೋಟದಲ್ಲಿ ನಿರ್ಧಾರವಾಗಿಬಿಟ್ಟಿರುತ್ತದೆ. ನಿಮ್ಮ ಮನೆಯಲ್ಲಿ ಪುಟ್ಟ ಮಗುವಿದ್ದರೆ ಕುಡಿಯುವ ನೀರನ್ನು ಒಂದು ಸಲ ಪರೀಕ್ಷೆಗೆ ಕೊಡಿ. ಕಲೆಯ ಹಲ್ಲಿಗೆ ಲೇಪ ಹಾಕಿಸಲೋ ಕ್ಲಿಪ್ ಹಾಕಿಸಲೋ ಹೋದಾಗ, ಇವನು ಫ್ಲೋರೈಡ್ ನೀರಿನ ಊರಿನವನು ಅಂತ ವೈದ್ಯರಿಗೆ ಮೊದಲೇ ಹೇಳಿ. ಮತ್ತೆ ನನ್ನ ಹಾಗೆ ಪಾಠ ಹೇಳುವವರಿಗೆ ಒಂದು ವಿನಂತಿ. ಕಂದು ಹಲ್ಲಿನ ಹುಡುಗನಿಗೆ "ಹಲ್ಲುಜ್ಜಿದ್ದೀಯೇನೋ?" ಅಂತ ಎಲ್ಲರೆದುರು ಕೇಳಬೇಡಿ. ಅವನು ಉಜ್ಜಿದ್ದಾನೆ.